ಮಕ್ಕಳ ಮೂರ್ಛೆರೋಗ: ನಂದಾದೀವಿಗೆಗೆ ಎಣ್ಣೆ ಯಾರದು?

ನಮ್ಮ ನಂದಗಡಕ್ಕೆ ಬಂದವರು ಸಂಗೊಳ್ಳಿ ರಾಯಣ್ಣನ ಸಮಾಧಿಯನ್ನು ನೋಡದೆ ಹಿಂದಿರುಗುವುದು ಅಪರೂಪ. 1831ರ ಜನವರಿ 26ರಂದು ಆ ವೀರನನ್ನು ಗಲ್ಲಿಗೇರಿಸಿದ ಊರು ಇದು. ಸಮಾಧಿಯ ಬಳಿಯ ಆಲದ ಮರಕ್ಕೆ ಮರದ ಪುಟ್ಟ ತೊಟ್ಟಿಲುಗಳನ್ನು ಕಟ್ಟಿರುವುದನ್ನು ಅಲ್ಲಿ ಕಾಣಬಹುದು. ಮಕ್ಕಳಾಗಲೆಂದು ಹರಕೆ ಹೊತ್ತವರು ಕಟ್ಟಿದವು ಅವು. ಮಗುವೆಂದರೆ ನಮ್ಮ ಜನಕ್ಕೆ ಅಷ್ಟು ಹಂಬಲ. ಆದರೆ ಹಾಗೆ ಹಂಬಲಿಸಿ ಪಡೆದ ಮಗುವೇ ಒಂದು ದಿನ ಕೈಕಾಲು ಸೆಟೆದು, ಬಾಯಲ್ಲಿ ನೊರೆ ತುಂಬಿ, ಅರಿವು ತಪ್ಪಿ ಬಿದ್ದಿತೆನ್ನಿ. ಆಗ ಮನೆಯವರು ಮೊದಲು ಮಾಡುವುದೇನು? ಬಾಗಿಲನ್ನು ಮುಂದೆ ಮಾಡುತ್ತಾರೆ. ನೆರೆಯವರಿಗೆ ತಿಳಿಯಬಾರದು, ಬೀಗರಿಗೆ ಗೊತ್ತಾಗಬಾರದು, ಸಾಲೆಯ ಮಾಸ್ತರರಿಗಂತೂ ಹೇಳಲೇಬಾರದು.

ಈ ರೋಗಕ್ಕೆ ನಮ್ಮಲ್ಲಿ ಹೆಸರುಗಳಿಗೇನೂ ಕೊರತೆಯಿಲ್ಲ. ಮೂರ್ಛೆರೋಗವೆನ್ನುತ್ತೇವೆ, ಫಿಟ್ಸ್ ಎನ್ನುತ್ತೇವೆ, ನಮ್ಮ ಕಡೆಯ ಮರಾಠಿ ಮನೆಗಳಲ್ಲಿ ಫೆಫರೆ ಎನ್ನುತ್ತಾರೆ. ಆಯುರ್ವೇದದ ಗ್ರಂಥಗಳಲ್ಲಿ ಇದಕ್ಕೆ ಅಪಸ್ಮಾರವೆಂದು ಹೆಸರು. ಸ್ಮೃತಿ ತೊಲಗುವುದೇ ಅಪಸ್ಮಾರ. ನಟರಾಜನ ಪಾದದಡಿಯಲ್ಲಿ ಬಿದ್ದಿರುವ ಕುಳ್ಳನಿಗೂ ಅದೇ ಹೆಸರು. ಇದರಿಂದಲೋ ಏನೋ, ಇದು ರೋಗವಲ್ಲ, ಯಾವುದೋ ಭೂತಚೇಷ್ಟೆ ಎಂಬ ಭಾವನೆ ಜನರಲ್ಲಿ ಬೇರೂರಿದೆ. ಆದರೆ ಚರಕಸಂಹಿತೆಯೇ ಅಪಸ್ಮಾರವನ್ನು ಜ್ವರ ಮೊದಲಾದವುಗಳ ಸಾಲಿನಲ್ಲಿಟ್ಟು, ಅದರ ನಿದಾನಕ್ಕೊಂದು, ಚಿಕಿತ್ಸೆಗೊಂದು ಅಧ್ಯಾಯವನ್ನು ಮೀಸಲಿಟ್ಟಿದೆ. ಇಂದಿನ ವೈದ್ಯರು ಹೇಳುವುದೂ ಇದು ಮಿದುಳಿನ ರೋಗವೆಂದೇ. ಮಿದುಳಿನ ಕೋಶಗಳು ಸಣ್ಣ ವಿದ್ಯುತ್ ಸಂಜ್ಞೆಗಳಿಂದ ಒಂದಕ್ಕೊಂದು ಮಾತಾಡಿಕೊಳ್ಳುತ್ತವೆ. ಅನೇಕ ಕೋಶಗಳು ಒಮ್ಮೆಲೇ ಗದ್ದಲವೆಬ್ಬಿಸಿದರೆ ಮೈ ಅಂಕೆ ತಪ್ಪುತ್ತದೆ. ಎಲ್ಲ ಮಕ್ಕಳೂ ಬಿದ್ದು ಒದ್ದಾಡುವುದಿಲ್ಲ. ಕೆಲವರು ಕಣ್ಣು ಬಿಟ್ಟುಕೊಂಡೇ ಕೆಲವು ಕ್ಷಣ ಇಲ್ಲದವರಂತಾಗುತ್ತಾರೆ. ಅಂಥ ಮಗುವನ್ನು ನಾವು ಮಾಸ್ತರರು “ಲಕ್ಷ್ಯ ಎಲ್ಲೈತಿ?” ಎಂದು ಗದರಿಸಿ ಬೆಂಚಿನ ಮೇಲೆ ನಿಲ್ಲಿಸಿರುವುದೂ ಉಂಟು.

ನನ್ನ ಅಜ್ಞಾನದ ಕಥೆಯನ್ನೂ ಇಲ್ಲಿ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯಲ್ಲಿ ಸಂಧಿಪ್ರಕರಣ ಹೇಳುತ್ತಿದ್ದೆ. ಮೂರನೆಯ ಬೆಂಚಿನ ಹುಡುಗನೊಬ್ಬ ಕೂಗಿ ಕೆಳಗೆ ಬಿದ್ದ. ನಾನು ಓಡಿಹೋಗಿ ಬೀಗದ ಕೈಗೊಂಚಲನ್ನು ತಂದು ಅವನ ಅಂಗೈಯಲ್ಲಿ ಅದುಮಿದೆ. ಇನ್ನೊಬ್ಬರು ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು. ಮತ್ತೊಬ್ಬರು ಹಲ್ಲುಗಳ ನಡುವೆ ಚಮಚ ತುರುಕಲು ನೋಡಿದರು. ಎರಡು ಮೂರು ನಿಮಿಷಗಳಲ್ಲಿ ಹುಡುಗ ಶಾಂತನಾದ. ಕಬ್ಬಿಣದ ಗುಣವೆಂದು ನಾವೆಲ್ಲ ನಂಬಿದೆವು.

ಆಮೇಲೆ ವೈದ್ಯರೊಬ್ಬರು ನಮ್ಮ ಕಣ್ಣು ತೆರೆಸಿದರು. ಮೂರ್ಛೆ ಬಹುಮಟ್ಟಿಗೆ ತಾನಾಗಿಯೇ ನಿಲ್ಲುತ್ತದೆ; ಆ ಹೊತ್ತಿಗೆ ಕೈಯಲ್ಲಿ ಏನಿದೆಯೋ ಅದಕ್ಕೆ ಕೀರ್ತಿ ಬರುತ್ತದೆ. ಮಾಡಬೇಕಾದುದು ಇಷ್ಟೇ. ಮಗುವಿನ ಸುತ್ತಲಿನ ಗಡುಸಾದ ವಸ್ತುಗಳನ್ನು ಸರಿಸಿ, ತಲೆಯಡಿಗೆ ಮೆತ್ತನೆಯದೇನಾದರೂ ಇಟ್ಟು, ಮೈಯನ್ನು ಒಂದು ಮಗ್ಗುಲಿಗೆ ಹೊರಳಿಸಬೇಕು. ಬಾಯೊಳಗೆ ಏನನ್ನೂ ಹಾಕಬಾರದು, ನೀರನ್ನೂ ಕುಡಿಸಬಾರದು. ಕೈಕಾಲುಗಳನ್ನು ಅದುಮಿ ಹಿಡಿಯಬಾರದು. ಗಡಿಯಾರ ನೋಡುತ್ತಿರಬೇಕು. ಐದು ನಿಮಿಷ ಮೀರಿದರೆ, ಅಥವಾ ಅರಿವು ಬರುವ ಮೊದಲೇ ಮತ್ತೊಮ್ಮೆ ಬಂದರೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಈ ಮಾತುಗಳನ್ನು ಮನೆಯಲ್ಲಿ ಒಂದು ಕಾಗದದ ಮೇಲೆ ಬರೆದಿಟ್ಟುಕೊಂಡರೆ ಒಳಿತು.

ಇದು ಎಲ್ಲೋ ಒಬ್ಬರಿಗೆ ಬರುವ ರೋಗವೆಂದು ತಿಳಿಯಬೇಡಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬೆಂಗಳೂರಿನ ನಗರ ಭಾಗ ಹಾಗೂ ಸುತ್ತಲಿನ ಹಳ್ಳಿಗಳಲ್ಲಿ 1,02,557 ಜನರನ್ನು ಮನೆಮನೆಗೆ ಹೋಗಿ ಪರೀಕ್ಷಿಸಿ, 2004ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸಾವಿರಕ್ಕೆ ಸುಮಾರು 9 ಜನರಿಗೆ ಮೂರ್ಛೆರೋಗ ಕಂಡುಬಂದಿತು. ಪಟ್ಟಣದಲ್ಲಿ ಸಾವಿರಕ್ಕೆ 6ರಷ್ಟಿದ್ದರೆ ಹಳ್ಳಿಗಳಲ್ಲಿ ಅದರ ಇಮ್ಮಡಿ, 12ರ ಹತ್ತಿರ. ಹತ್ತು ಸಾವಿರ ಜನರ ಹಳ್ಳಿಗುಂಪಿಗೆ ಇದನ್ನು ಅನ್ವಯಿಸಿದರೆ ನೂರಕ್ಕೂ ಮಿಕ್ಕಿ ಜನರಾದರು. ಅವರೆಲ್ಲ ಎಲ್ಲಿದ್ದಾರೆ? ಮುಂದೆ ಮಾಡಿದ ಬಾಗಿಲುಗಳ ಹಿಂದೆ ಇದ್ದಾರೆ. ಅವರನ್ನು ಹಾಗೆ ಅಡಗಿಸಿಡುವುದರಲ್ಲಿ ಕಾನೂನಿನ ಪಾಲೂ ಇತ್ತು. ಹಿಂದೂ ವಿವಾಹ ಕಾಯಿದೆಯಲ್ಲಿ ಮೂರ್ಛೆರೋಗವನ್ನು ಹುಚ್ಚಿನ ಜೊತೆಗೆ ಸೇರಿಸಿ ಮದುವೆಗೆ ಅಡ್ಡಿಯೆಂದು ಬರೆದಿದ್ದರು. ಭಾರತೀಯ ಎಪಿಲೆಪ್ಸಿ ಸಂಘದವರು ಬಹುಕಾಲ ಹೋರಾಡಿದ ಮೇಲೆ, 1999ರ ತಿದ್ದುಪಡಿಯಲ್ಲಿ ಆ ಮಾತನ್ನು ತೆಗೆದುಹಾಕಲಾಯಿತು. ಕಾನೂನಿನ ಪುಸ್ತಕದಿಂದ ಹೋದದ್ದು ಮನಸ್ಸಿನಿಂದ ಇನ್ನೂ ಹೋಗಬೇಕಾಗಿದೆ.

ಇನ್ನು ಹಣದ ಮಾತಿಗೆ ಬರುತ್ತೇನೆ. ಮಗುವಿನ ಮೂರ್ಛೆರೋಗಕ್ಕೆ ಚಿಕಿತ್ಸೆ ನಡೆಯಬೇಕಾದರೆ ನಾಲ್ಕು ಬಗೆಯ ವೆಚ್ಚವುಂಟು. ಮೊದಲನೆಯದು ಕಟ್ಟಡ ಮತ್ತು ಯಂತ್ರ. ಮಿದುಳಿನ ವಿದ್ಯುತ್ತನ್ನು ಗೆರೆಗಳಾಗಿ ಬರೆಯುವ ಇ.ಇ.ಜಿ., ಒಳಗಿನ ಚಿತ್ರ ತೆಗೆಯುವ ಸ್ಕ್ಯಾನ್ ಮೊದಲಾದವು ಇದರಲ್ಲಿ ಸೇರುತ್ತವೆ. ಎರಡನೆಯದು ವೈದ್ಯರ, ದಾದಿಯರ, ಯಂತ್ರ ನಡೆಸುವವರ ಸಂಬಳ. ಮೂರನೆಯದು ಗುಳಿಗೆ. ಒಂದು ದಿನವೂ ತಪ್ಪದೆ, ಮೂರ್ಛೆ ನಿಂತ ಮೇಲೂ ಸಾಮಾನ್ಯವಾಗಿ ಎರಡು ವರ್ಷಗಳಾದರೂ ನುಂಗಬೇಕು. ಯಾವಾಗ ಬಿಡಬೇಕೆಂಬುದನ್ನು ವೈದ್ಯರೇ ನಿಶ್ಚಯಿಸಬೇಕು. ನಾಲ್ಕನೆಯ ವೆಚ್ಚ ಯಾರ ಜಮಾಖರ್ಚಿನ ಪುಸ್ತಕದಲ್ಲಿಯೂ ಇರುವುದಿಲ್ಲ. ಬಸ್ಸಿನ ದರ, ತಂದೆ ಕಳೆದುಕೊಂಡ ಒಂದು ದಿನದ ಕೂಲಿ, “ಗುಳಿಗೆ ಮುಗಿಯಿತೇ?” ಎಂದು ಕೇಳುವವರೊಬ್ಬರು, ಇವೇ ಆ ನಾಲ್ಕನೆಯದು.

ಮೊದಲನೆಯ ವೆಚ್ಚಕ್ಕೆ ನಮ್ಮ ಜಿಲ್ಲೆಯಲ್ಲಿ ಕೈಗಳು ಕೂಡಿದ್ದು ನೆನೆಯತಕ್ಕ ಕಥೆ. 1916ರಲ್ಲಿ ಏಳು ಜನ ಶಿಕ್ಷಕರು ಸೇರಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಹುಟ್ಟುಹಾಕಿದರು. ಅವರ ಶ್ರಮಕ್ಕೆ ದಾನಿಗಳ ಹಣ ಕೂಡಿ ಸಂಸ್ಥೆ ಬೆಳೆಯಿತು. 1963ರಲ್ಲಿ ಅದೇ ಸಂಸ್ಥೆ ಜವಾಹರಲಾಲ ನೆಹರೂ ಮೆಡಿಕಲ್ ಕಾಲೇಜನ್ನು ಆರಂಭಿಸಿತು. ಕಾಲೇಜು ಖಾಸಗಿ ಸಂಸ್ಥೆಯದು. ಆದರೆ ಸಂಸ್ಥೆಯ ದೊಡ್ಡ ಆಸ್ಪತ್ರೆ ಏಳುವ ಮೊದಲು ಅದರ ವಿದ್ಯಾರ್ಥಿಗಳು ರೋಗಿಗಳನ್ನು ನೋಡಿ ಕಲಿತದ್ದು ಸರ್ಕಾರದ ಜಿಲ್ಲಾ ಆಸ್ಪತ್ರೆಯಲ್ಲಿ. ಸರ್ಕಾರಕ್ಕೆ ವೈದ್ಯರು ದೊರೆತರು, ಕಾಲೇಜಿಗೆ ಆಸ್ಪತ್ರೆ ದೊರೆಯಿತು. ಸಹಭಾಗಿತ್ವವೆಂದು ಇಂದು ದೊಡ್ಡದಾಗಿ ಹೇಳುವ ಮಾತು ನಮ್ಮಲ್ಲಿ ಆಗಲೇ ನಡೆದುಹೋಗಿತ್ತು. ಈಗ ಬೆಳಗಾವಿಯಲ್ಲಿ ಕೆ.ಎಲ್.ಇ.ಯ ಆಸ್ಪತ್ರೆಯೂ ಇದೆ. ಜಿಲ್ಲಾ ಆಸ್ಪತ್ರೆಯನ್ನೊಳಗೊಂಡ ಸರ್ಕಾರದ ಬಿಮ್ಸ್ ಸಂಸ್ಥೆಯೂ ಇದೆ.

ಇದೇ ಕಾಲೇಜಿನ ಇನ್ನೊಂದು ಕೆಲಸವೂ ನಮ್ಮ ವಿಷಯಕ್ಕೆ ಹತ್ತಿರದ್ದು. ಹುಟ್ಟಿದೊಡನೆ ಉಸಿರಾಡದ ಶಿಶುವಿನ ಮಿದುಳಿಗೆ ಪ್ರಾಣವಾಯು ಸಾಲದೆ ಪೆಟ್ಟಾದರೆ ಮುಂದೆ ಮೂರ್ಛೆರೋಗ ಬರುವುದುಂಟು. ಅಂಥ ಶಿಶುವಿಗೆ ಉಸಿರು ಹಿಡಿಸುವ ವಿಧಾನವನ್ನು ಕಲಿಸಲು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಒಂದು ಸರಳ ಪಾಠಕ್ರಮವನ್ನು ಸಿದ್ಧಪಡಿಸಿತು. ಬೆಳಗಾವಿ ಸುತ್ತಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳೂ ಸೇರಿ, ಹೆರಿಗೆ ಮಾಡಿಸುವ ಸುಮಾರು ಆರುನೂರು ಜನರಿಗೆ ಅದನ್ನು ಕಲಿಸಲಾಯಿತು. ಸತ್ತು ಹುಟ್ಟಿದವೆಂದು ಬರೆಸಿಕೊಳ್ಳುತ್ತಿದ್ದ ಶಿಶುಗಳ ಸಂಖ್ಯೆ ಇಳಿಯಿತೆಂದು 2013ರಲ್ಲಿ ಪ್ರಕಟವಾದ ವರದಿ ಹೇಳುತ್ತದೆ. ಬೇಕಾದ ಸಲಕರಣೆ ಒಂದು ಗಾಳಿಯ ಚೀಲ, ಒಂದು ಮುಖವಾಡ, ಕಲಿತ ಎರಡು ಕೈಗಳು. ರೋಗ ಬಂದ ಮೇಲೆ ತೆರುವುದಕ್ಕಿಂತ ಬಾರದಂತೆ ನೋಡಿಕೊಳ್ಳುವುದು ಅಗ್ಗವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಇನ್ನು ಸರ್ಕಾರದ ಪಾಲು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಸರ್ಕಾರಿ ಶಾಲೆಗಳಿಗೂ ಅಂಗನವಾಡಿಗಳಿಗೂ ಬರುತ್ತದೆ. ಅವರು ಹುಡುಕಬೇಕಾದ ರೋಗಗಳ ಪಟ್ಟಿಯಲ್ಲಿ ಮೂರ್ಛೆರೋಗವೂ ಒಂದು. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಿದೆ. ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಆಸ್ಪತ್ರೆಯ ಚಿಕಿತ್ಸೆ ದೊರೆಯುವಂತೆ ಅದನ್ನು ರೂಪಿಸಿದ್ದಾರೆ. ಇದು ಸಣ್ಣ ಉಪಕಾರವಲ್ಲ. ಆದರೆ ಸೂಕ್ಷ್ಮವೊಂದನ್ನು ಗಮನಿಸಬೇಕು. ಇಂಥ ಯೋಜನೆಗಳು ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿದವರ ವೆಚ್ಚಕ್ಕಾಗಿ ಇರುವಂಥವು. ಮೂರ್ಛೆರೋಗದ ಮಗು ಆಸ್ಪತ್ರೆಯಲ್ಲಿ ಮಲಗುವುದು ಕೆಲವೇ ದಿನ; ಗುಳಿಗೆ ನುಂಗುವುದು ಸಾವಿರ ದಿನ. ಆ ಸಾವಿರ ದಿನಗಳ ಗುಳಿಗೆಯನ್ನು ಸರ್ಕಾರಿ ಆಸ್ಪತ್ರೆಯ ಔಷಧಾಲಯದಿಂದ ಪಡೆಯಬೇಕು. ಅಲ್ಲಿ ಇಲ್ಲದಿದ್ದರೆ ಅಂಗಡಿಯಲ್ಲಿ ಕೊಳ್ಳಬೇಕು.

ನಮ್ಮ ಹುಡುಗನಿಗೆ ಆದದ್ದೂ ಇದೇ. ಪಟ್ಟಣದ ಆಸ್ಪತ್ರೆಯೊಂದರಲ್ಲಿ ಪರೀಕ್ಷೆಯಾಯಿತು, ಹಣವೇನೂ ಬೀಳಲಿಲ್ಲ, ಗುಳಿಗೆಯೂ ಆರಂಭವಾಯಿತು. ವರ್ಷವಿಡೀ ಒಮ್ಮೆಯೂ ಮೂರ್ಛೆ ಬರಲಿಲ್ಲ. ನಡುವೆ ಔಷಧಾಲಯವೊಂದರಲ್ಲಿ ಎರಡು ಸಲ ಗುಳಿಗೆ ತೀರಿತ್ತು. ತಂದೆ ಬರಿಗೈಯಲ್ಲಿ ಹಿಂದಿರುಗಿದ್ದ. ಮೂರನೆಯ ಸಲ ಅವನು ಹೋಗಲೇ ಇಲ್ಲ. ನಾನು ಕೇಳಿದಾಗ ಅವನು ಹೇಳಿದ: “ಗುರುಗಳ, ವರ್ಷ ಆತು, ಒಮ್ಮೆನೂ ಬಂದಿಲ್ಲ. ಆರಾಮ ಅದಾನ. ಆರಾಮ ಇದ್ದ ಹುಡುಗಗ ಗುಳಿಗಿ ಯಾಕರಿ? ಬೆಳಗಾವಿಗೆ ಹೋದ್ರ ಒಂದ ದಿನದ ಪಗಾರ ಹೋಗತೈತಿ.” ಅವನ ತರ್ಕದಲ್ಲಿ ನನಗೂ ತಪ್ಪು ಕಾಣಲಿಲ್ಲ. ನಾನು ಸುಮ್ಮನಾದೆ. ಒಂದೆರಡು ತಿಂಗಳ ಮೇಲೆ, ಚಳಿಗಾಲದ ಒಂದು ಬೆಳಿಗ್ಗೆ, ನೀರು ಕಾಯಿಸುವ ಒಲೆಯ ಮುಂದೆ ಕುಳಿತಿದ್ದಾಗ ಹುಡುಗನಿಗೆ ಮೂರ್ಛೆ ಬಂದಿತು. ಬಲಗೈ ಬೆಂದುಹೋಯಿತು. ಆ ವರ್ಷದ ಪರೀಕ್ಷೆಯನ್ನು ಅವನು ಬರೆಯಲಾಗಲಿಲ್ಲ. ಗುಳಿಗೆಯನ್ನು ಏಕಾಏಕಿ ಬಿಟ್ಟರೆ ಮೂರ್ಛೆ ಮರಳುವುದೆಂದು ನಮಗಾರಿಗೂ ತಿಳಿದಿರಲಿಲ್ಲ. ತಿಳಿದವರು ನಮ್ಮೂರಿಗೆ ಬಂದು ಹೇಳಿರಲಿಲ್ಲ.

ಹಾಗಾದರೆ ಈ ಮೂರನೆಯ ನಾಲ್ಕನೆಯ ವೆಚ್ಚಗಳಿಗೆ ದಾರಿ ಇಲ್ಲವೇ? ಇದೆ. ದಾರಿ ತೋರಿಸಿದ ಊರು ನಮ್ಮ ನಾಡಿನಲ್ಲೇ ಇದೆ. ಈಗ ಚಾಮರಾಜನಗರ ಜಿಲ್ಲೆಗೆ ಸೇರಿದ ಯಳಂದೂರು ತಾಲ್ಲೂಕಿನಲ್ಲಿ 1980ರ ದಶಕದಲ್ಲಿ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ ಕುಷ್ಠರೋಗ ನಿವಾರಣೆಯ ಕೆಲಸವನ್ನು ಕೈಗೊಂಡಿತು. ಮುಂದೆ ಮೂರ್ಛೆರೋಗದ ಆರೈಕೆಯನ್ನೂ ಅದು ತನ್ನ ಕೆಲಸಕ್ಕೆ ಸೇರಿಸಿಕೊಂಡಿತು. ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಅವರ ಸಂಗಡಿಗರು ಆ ತಾಲ್ಲೂಕಿನಲ್ಲಿ ಸುಮಾರು 65 ಸಾವಿರ ಜನರ ನಡುವೆ ಮೂರ್ಛೆರೋಗಿಗಳನ್ನು ಮನೆಮನೆಗೆ ಹೋಗಿ ಹುಡುಕಿಸಿದರು. ತಜ್ಞರ ಅರಿವು, ಸ್ಥಳೀಯ ಕಾರ್ಯಕರ್ತರ ಕಾಲ್ನಡಿಗೆ, ಎರಡೂ ಕೂಡಿದವು. ಕೊಟ್ಟ ಔಷಧವೋ, ಹಳೆಯ ಅಗ್ಗದ ಫಿನೋಬಾರ್ಬಿಟೋನ್ ಅಥವಾ ಫೆನಿಟಾಯಿನ್. ಫಿನೋಬಾರ್ಬಿಟೋನ್ 1912ರಿಂದ ಬಳಕೆಯಲ್ಲಿರುವ ಮದ್ದು. ಐದು ವರ್ಷ ರೋಗಿಗಳನ್ನು ಬಿಡದೆ ಹಿಂಬಾಲಿಸಿ, 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲವನ್ನು ಪ್ರಕಟಿಸಿದರು. ಅಗ್ಗದ ಗುಳಿಗೆಯಿಂದ, ಸ್ವಲ್ಪವೇ ತರಬೇತಿ ಪಡೆದ ಕಾರ್ಯಕರ್ತರ ನೆರವಿನಿಂದ ಹಳ್ಳಿಯಲ್ಲಿಯೂ ಮೂರ್ಛೆರೋಗವನ್ನು ಹತೋಟಿಗೆ ತರಬಹುದೆಂದು ಜಗತ್ತಿಗೆ ಗೊತ್ತಾಯಿತು. ಅಲ್ಲಿ ಗೆದ್ದದ್ದು ಹೊಸ ಔಷಧವಲ್ಲ. ಮರಳಿ ಮರಳಿ ಬಾಗಿಲು ತಟ್ಟಿದ ಕೈ.

ಆ ದಾರಿಯಲ್ಲಿ ಇನ್ನೊಂದು ಹೆಜ್ಜೆ 2022ರಲ್ಲಿ ಬಿದ್ದಿತು. ಕರ್ನಾಟಕ ಸರ್ಕಾರ, ನಿಮ್ಹಾನ್ಸ್, ನೀತಿ ಆಯೋಗ ಈ ಮೂವರೂ ಸೇರಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಎಂಬ ಕಾರ್ಯಕ್ರಮವನ್ನು ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನ ಒಂದು ಭಾಗದಲ್ಲಿ ಪ್ರಯೋಗವಾಗಿ ಆರಂಭಿಸಿದರು. ಮುಂದೆ ಬೇರೆ ಜಿಲ್ಲೆಗಳಿಗೂ ಅದನ್ನು ಹಬ್ಬಿಸಲು ಹೊರಟರು. ಅದರ ಹಂಚಿಕೆ ಸರಳವಾದದ್ದು. ಎಲ್ಲರೂ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಬೆಂಗಳೂರಿನ ವಿದ್ಯೆಯೇ ಜಿಲ್ಲೆಗೆ ಬರಬೇಕು. ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಡಬೇಕು. ಆಶಾ ಕಾರ್ಯಕರ್ತೆಯರು ರೋಗದ ಲಕ್ಷಣವುಳ್ಳವರನ್ನು ಗುರುತಿಸಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ಮಿದುಳು ಆರೋಗ್ಯದ ಚಿಕಿತ್ಸಾಲಯ ನಡೆಯಬೇಕು. ಬಸ್ಸಿನ ವೆಚ್ಚವೂ ಕೆಲಮಟ್ಟಿಗೆ ಇಳಿದಿದೆ. 2023ರ ಜೂನ್ ತಿಂಗಳಿಂದ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೀಟಿನ ಹಣವಿಲ್ಲ. ಮಗುವನ್ನು ಎತ್ತಿಕೊಂಡು ನಂದಗಡದಿಂದ ಖಾನಾಪುರ ದಾಟಿ ಬೆಳಗಾವಿಗೆ ಹೋಗುವ ತಾಯಿಗೆ ಅದು ಔಷಧದ ಹಣದಷ್ಟೇ ದೊಡ್ಡದು. ಆಸ್ಪತ್ರೆಯ ಲೆಕ್ಕದಲ್ಲಿ ಅದು ಬರುವುದಿಲ್ಲವೆಂಬುದು ಬೇರೆಯ ಮಾತು.

ಹೊರದೇಶದ ಒಂದು ದೃಷ್ಟಾಂತವನ್ನೂ ಕೇಳಿ. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆ 1852ರಲ್ಲಿ ಹತ್ತೇ ಹಾಸಿಗೆಗಳಿಂದ ಆರಂಭವಾಯಿತು. 1858ರಲ್ಲಿ ಕಾದಂಬರಿಕಾರ ಡಿಕನ್ಸ್ ಅದಕ್ಕಾಗಿ ತನ್ನ ಕಥೆಯನ್ನು ಸಭೆಯಲ್ಲಿ ಓದಿ ಹಣ ಕೂಡಿಸಿದ. 1929ರಲ್ಲಿ ಜೆ. ಎಂ. ಬ್ಯಾರಿ ಎಂಬ ಲೇಖಕನನ್ನು ಆಸ್ಪತ್ರೆಯ ಸಮಿತಿಗೆ ಬರಬೇಕೆಂದು ಕೇಳಿದರು. ಸಮಿತಿಗೆ ಅವನು ಒಪ್ಪಲಿಲ್ಲ; ಅದರ ಬದಲು ತನ್ನ ‘ಪೀಟರ್ ಪ್ಯಾನ್’ ಕೃತಿಯ ಹಕ್ಕನ್ನೇ ಆಸ್ಪತ್ರೆಗೆ ಬರೆದುಕೊಟ್ಟ. ನಾಟಕ ಆಡಿದಾಗಲೆಲ್ಲ, ಪುಸ್ತಕ ಮಾರಿದಾಗಲೆಲ್ಲ ಮಕ್ಕಳ ಆಸ್ಪತ್ರೆಗೆ ಪಾಲು. ಆ ಪಾಲು ಅಲ್ಲಿ ಎಂದೆಂದಿಗೂ ನಿಲ್ಲದಂತೆ 1988ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟು ಕಾನೂನು ಮಾಡಿತು. ಮಕ್ಕಳ ಮೂರ್ಛೆರೋಗಕ್ಕೆಂದೇ ಒಂದು ಪ್ರಾಧ್ಯಾಪಕ ಪೀಠವೂ ಅಲ್ಲುಂಟು. ಆಸ್ಪತ್ರೆ, ಯೂನಿವರ್ಸಿಟಿ ಕಾಲೇಜು, ಯಂಗ್ ಎಪಿಲೆಪ್ಸಿ ಎಂಬ ಧರ್ಮಸಂಸ್ಥೆ, ಈ ಮೂರೂ ಸೇರಿ ಅದನ್ನು ಹೊತ್ತಿವೆ. ಬ್ಯಾರಿಯ ದಾನದ ಹಿರಿಮೆ ಅದರ ಮೊತ್ತದಲ್ಲಿಲ್ಲ, ಅದು ನಿಲ್ಲದೆ ಬರುತ್ತಿರುವುದರಲ್ಲಿದೆ.

ಇದು ನಮಗೆ ಹೊಸ ಪಾಠವೇ? ಅಲ್ಲ. ನಮ್ಮ ಖಾನಾಪುರ ತಾಲ್ಲೂಕಿನ ಹಲಸಿ ಕದಂಬರ ಕಾಲದಲ್ಲಿ ಪಲಾಸಿಕೆ ಎಂಬ ಹೆಸರಿನ ರಾಜಧಾನಿ. ಅಲ್ಲಿ ದೊರೆತ ರವಿವರ್ಮನ ತಾಮ್ರಪಟವೊಂದರಲ್ಲಿ, ಪ್ರತಿವರ್ಷ ಕಾರ್ತಿಕದಲ್ಲಿ ಎಂಟು ದಿನಗಳ ಜಿನೋತ್ಸವ ನಡೆಯಬೇಕೆಂದೂ ಮಳೆಗಾಲದ ನಾಲ್ಕು ತಿಂಗಳು ಯತಿಗಳಿಗೆ ಆಹಾರ ಸಲ್ಲಬೇಕೆಂದೂ ಒಂದು ಊರಿನ ಆದಾಯವನ್ನು ಬಿಟ್ಟುಕೊಟ್ಟ ಸಂಗತಿಯಿದೆ. ನಮ್ಮ ಶಾಸನಗಳಲ್ಲಿ ನಂದಾದೀವಿಗೆಗೆ ಭೂಮಿ ಬಿಟ್ಟ ಮಾತು ಮತ್ತೆ ಮತ್ತೆ ಬರುತ್ತದೆ. ದೀಪದ ಕಂಬವನ್ನು ಒಮ್ಮೆ ನಿಲ್ಲಿಸಿದರೆ ಸಾಕು. ಎಣ್ಣೆಯನ್ನು ದಿನದಿನವೂ ಹೊಯ್ಯಬೇಕು. ಆದುದರಿಂದ ಹಿರಿಯರು ಕಂಬಕ್ಕೆ ಒಮ್ಮೆ ಹಣ ಕೊಟ್ಟರು, ಎಣ್ಣೆಗೆ ಹೊಲವನ್ನೇ ಬಿಟ್ಟರು. ನಾವಾದರೋ ಇಂದು ಕಂಬಗಳನ್ನೇ ದಾನ ಮಾಡುತ್ತಿದ್ದೇವೆ, ಏಕೆಂದರೆ ಕಂಬದ ಮೇಲೆ ಹೆಸರು ಕೆತ್ತಿಸಬಹುದು. ಎಣ್ಣೆಯ ಮೇಲೆ ಹೆಸರು ನಿಲ್ಲುವುದಿಲ್ಲ. ಲಾಭದ ನೂರಕ್ಕೆ ಎರಡು ಪಾಲನ್ನು ಸಮಾಜಕ್ಕೆ ವೆಚ್ಚ ಮಾಡಬೇಕೆಂದು 2013ರ ಕಂಪನಿ ಕಾಯಿದೆ ದೊಡ್ಡ ಕಂಪನಿಗಳಿಗೆ ವಿಧಿಸಿದೆ. ಆ ಹಣದಿಂದ ಆಸ್ಪತ್ರೆಗೆ ಯಂತ್ರ ಕೊಡಿಸುವವರು ಅದರ ಜೊತೆಗೆ ಐದು ವರ್ಷಗಳ ಗುಳಿಗೆಯನ್ನೂ, ಮನೆಮನೆಗೆ ಹೋಗುವ ಒಬ್ಬರ ಸಂಬಳವನ್ನೂ ಬರೆದುಕೊಟ್ಟರೆ ದಾನ ಪೂರ್ಣವಾದೀತು.

ನಮ್ಮ ಸಾಲೆಯಲ್ಲಿ ನಾವು ಮಾಡಿದ್ದು ಚಿಕ್ಕದು. ಹುಡುಗನ ಕೈ ಬೆಂದ ಮೇಲೆ ಶಿಕ್ಷಕರ ಕೋಣೆಯಲ್ಲಿ ಒಂದು ಡಬ್ಬಿ ಇಟ್ಟೆವು. ತಿಂಗಳಿಗೊಮ್ಮೆ ಬೆಳಗಾವಿಗೆ ಹೋಗುವವರು ವೈದ್ಯರ ಚೀಟಿ ತೋರಿಸಿ ಗುಳಿಗೆ ತರಬೇಕು. ಸಿಗದಿದ್ದರೆ ಡಬ್ಬಿಯ ಹಣದಿಂದ ಕೊಳ್ಳಬೇಕು. ಎಲ್ಲವೂ ಚೆನ್ನಾಗಿ ನಡೆಯಿತು. ಡಬ್ಬಿ ನೋಡಿಕೊಳ್ಳುತ್ತಿದ್ದ ಮಾಸ್ತರರಿಗೆ ವರ್ಗವಾಯಿತು, ಡಬ್ಬಿಯೂ ಮರೆತುಹೋಯಿತು. ಹುಡುಗನ ತಾಯಿ ಸಾಲೆಯ ಬಾಗಿಲಿಗೆ ಬಂದು, “ಇನ್ನ ಎರಡ ದಿನದ್ದ ಐತ್ರಿ” ಎಂದಾಗಲೇ ನಮಗೆ ಎಚ್ಚರ. ಹಣವಿತ್ತು, ಮನಸ್ಸೂ ಇತ್ತು. ಹೊಣೆ ಯಾರದೆಂದು ಬರೆದಿಟ್ಟಿರಲಿಲ್ಲ. ಅಂದಿನಿಂದ ಗೋಡೆಗೆ ಒಂದು ಪಟ್ಟಿ ತೂಗುಹಾಕಿದ್ದೇವೆ. ಗುಳಿಗೆ ಮುಗಿಯುವ ತಾರೀಖು, ತರಬೇಕಾದವರ ಹೆಸರು, ಅವರಿಲ್ಲದಿದ್ದರೆ ಇನ್ನೊಬ್ಬರ ಹೆಸರು. ಆಶಾ ಕಾರ್ಯಕರ್ತೆಯ ಬಳಿಯಲ್ಲಿಯೂ ಅದರ ಪ್ರತಿಯುಂಟು.

ಹುಡುಗ ಒಂದು ವರ್ಷ ತಡವಾಗಿ ಹತ್ತನೆಯ ತರಗತಿ ಪಾಸಾದ. ಕೈಮೇಲಿನ ಕಲೆ ಹೋಗಿಲ್ಲ. ಅದನ್ನು ಕಂಡಾಗಲೆಲ್ಲ, ಅವನ ತಂದೆಯ ಮಾತಿಗೆ ಅಂದು ನಾನು ಸುಮ್ಮನಾದದ್ದು ನೆನಪಾಗುತ್ತದೆ.

ನಿಮ್ಮ ಓಣಿಯಲ್ಲಿಯೂ ಅಂಥ ಮಗುವೊಂದು ಇದ್ದೀತು. ನೀವು ಆಸ್ಪತ್ರೆ ಕಟ್ಟಬೇಕಾಗಿಲ್ಲ. ಆ ಮನೆಯ ಬಾಗಿಲು ತಟ್ಟಿ, ಗುಳಿಗೆ ಇನ್ನೆಷ್ಟು ದಿನಕ್ಕೆ ಇದೆ ಎಂದು ಕೇಳಿ. ಕೇಳಿದ ಮೇಲೆ ಆ ತಾರೀಖನ್ನು ನಿಮ್ಮ ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.